ಅಣೆಕಟ್ಟು ಗಟ್ಟಿಯಾಗೇ ಇತ್ತು, ಹಳ್ಳ ಬತ್ತಿತ್ತು

ನಮ್ಮ ಹಾಸನದ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೀವೂ ಯಾವುದೋ ಬ್ಲಾಗಿನಲ್ಲಿ ನೋಡಿರ್ತೀರಿ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಪಾಲಾಯ್ತು. ಅಣೆಕಟ್ಟಿಗೆ ಅಂತ ಊರೂರೇ ಜಾಗ ಬಿಟ್ಟವು. ಸರಿ, ಆದರೆ ಅಣೆಕಟ್ಟು ನೀರನ್ನು ಹಿಡಿದಿಡುತ್ತೆ ಅಷ್ಟೆ, ಹುಟ್ಟಿಸೋದಿಲ್ಲ. ಹುಟ್ಟಿಸೋದು ಮೇಲಿನ ಸಣ್ಣಪುಟ್ಟ ಹಳ್ಳಗಳು.

ಹಳ್ಳಗಳು ಸತ್ತರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರಿನ ಪಕ್ಕದಲ್ಲೇ ಉದಾಹರಣೆ ಇದೆ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ದಶಕಗಳ ಕಾಲ ಬೆಂಗಳೂರು ಕುಡಿದದ್ದು ಅದರ ನೀರನ್ನೇ. ಆಮೇಲೆ ಒಳಹರಿವು ಕಮ್ಮಿಯಾಗುತ್ತಾ, ಬಂದ ನೀರೂ ಕೊಳಕಾಗುತ್ತಾ, 2012ರ ಹೊತ್ತಿಗೆ ಊರಿಗೆ ನೀರು ಕೊಡೋದೇ ನಿಂತುಹೋಯ್ತು. ಅಣೆಕಟ್ಟು ಮಾತ್ರ ಗಟ್ಟಿಯಾಗೇ ಇತ್ತು!

ಮಳೆ ಕಮ್ಮಿಯಾಯ್ತು ಅಂತ ಎಲ್ಲರೂ ಅಂದುಕೊಂಡಿದ್ದರು. ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು: ಮುಖ್ಯ ಕಾರಣ ಮಳೆಯಲ್ಲ, ಬೋರ್‌ವೆಲ್‌ಗಳು ಮತ್ತು ನೀಲಗಿರಿ ತೋಪುಗಳು. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗಿಳಿದರೆ ಮಳೆ ನಿಂತ ಮೇಲೆ ಹಳ್ಳಕ್ಕೆ ಒಸರು ಎಲ್ಲಿಂದ ಬರಬೇಕು?

2013ರಲ್ಲಿ ಆರ್ಟ್ ಆಫ್ ಲಿವಿಂಗ್‌ನ ಸ್ವಯಂಸೇವಕರು ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯ ಪುನಶ್ಚೇತನ ಶುರುಮಾಡಿದರು. ಕೊರಕಲುಗಳಿಗೆ ಅಡ್ಡ ಕಲ್ಲಿನ ತಡೆ, ಇಂಗುಬಾವಿ, ಗಿಡ ನೆಡೋದು. ಲೆಕ್ಕ ಸರಳ. ಕಲ್ಲು ನೀರಿನ ವೇಗ ಕಮ್ಮಿ ಮಾಡುತ್ತೆ, ಮಣ್ಣು ಅಲ್ಲೇ ಕೂರುತ್ತೆ, ಮುಂದೆ ಹೋಗುವ ನೀರು ತಿಳಿಯಾಗುತ್ತೆ, ಉಳಿದದ್ದು ಇಂಗುತ್ತೆ. ನೀರು ನಿಂತ ಕಡೆ ಕಪ್ಪೆ, ಏಡಿ, ಮೀನಿಗೂ ಜಾಗ. ಆದರೆ ಇಂಗಿಸಿದ್ದಕ್ಕಿಂತ ಹೆಚ್ಚು ಬೋರ್‌ವೆಲ್ಲಲ್ಲಿ ಎತ್ತಿದರೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಒಂದು ಕಡೆ, ಪ್ಯಾಚ್ ಇನ್ನೊಂದು ಕಡೆ :)

ಇದೇನು ಹೊಸ ಜ್ಞಾನವಲ್ಲ. ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಬರೆದಿದ್ದ, ಇಲ್ಲಿನ ಸುಮಾರು 60 ಶೇಕಡಾ ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಅಂತ. ಒಂದು ಕೆರೆಯ ಕೋಡಿ ನೀರು ಹಳ್ಳವಾಗಿ ಹರಿದು ಮುಂದಿನ ಕೆರೆಗೆ. ಬೇಸಿಗೆಯಲ್ಲಿ ಹೂಳು ತೆಗೆದು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹಳ್ಳ ಕಾಯೋದು ಪ್ರಾಜೆಕ್ಟ್ ಆಗಿರಲಿಲ್ಲ, ವರ್ಷವರ್ಷದ ಮನೆಗೆಲಸವಾಗಿತ್ತು.

ಹೇಮಾವತಿಗೂ ಯಗಚಿಗೂ ಸೇರುವ ಹಳ್ಳಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಸರೇ ಮರೆತ ಮೇಲೆ ಒತ್ತುವರಿ ಸುಲಭ. ನಿಮ್ಮೂರ ಹಳ್ಳದ ಹೆಸರೇನು? ಈಗ ಹೇಗಿದೆ?