ಮೇಣದ ಉರುಳೆಯಲ್ಲಿ ಉಳಿದ ಹಾಡು

ಒಂದು ನಾಡಿನ ಸಂಗೀತ ಯಾವುದೆಂದು ಕೇಳಿದರೆ ಉತ್ತರ ಸುಲಭವೆಂದೇ ತೋರುತ್ತದೆ. ಸಭೆಗಳಲ್ಲಿ ಕೇಳಿಬರುವುದು, ಪರದೇಶದವರು ಇದು ಇವರದೆಂದು ಗುರುತಿಸುವುದು, ಅದೇ ಅಲ್ಲವೆ? ಹಂಗೆರಿಯ ನಾಗರಿಕರೂ ಹೀಗೆಯೇ ತಿಳಿದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಪಟ್ಟಣಗಳ ಕಾಫಿಗೃಹಗಳಲ್ಲಿ ಜಿಪ್ಸಿ ವಾದ್ಯಗಾರರು ಪಿಟೀಲಿನಲ್ಲಿ ನುಡಿಸುತ್ತಿದ್ದುದೇ ಹಂಗೆರಿಯ ಪ್ರಾಚೀನ ಸಂಗೀತವೆಂದು ಯೂರೋಪು ನಂಬಿತ್ತು. ಹೆಸರಾಂತ ಫ್ರಾಂಜ್ ಲಿಸ್ಟ್ 1859ರಲ್ಲಿ ಒಂದು ಪುಸ್ತಕವನ್ನೇ ಬರೆದು, ಅದನ್ನು ಸೃಷ್ಟಿಸಿದವರು ಜಿಪ್ಸಿಗಳೇ ಎಂದು ವಾದಿಸಿದ. ನಿಜವಾಗಿ ಅವುಗಳಲ್ಲಿ ಬಹಳಷ್ಟು, ವಿದ್ಯಾವಂತ ಹಂಗೆರಿಯನ್ನರು ಆಗಿನ ಕಾಲದಲ್ಲಿಯೇ ಕಟ್ಟಿದ ಜನಪ್ರಿಯ ಗೀತೆಗಳು. ಹೊಲದಲ್ಲಿ ದುಡಿಯುವವನು ಏನು ಹಾಡುತ್ತಾನೆಂದು ಕಿವಿಗೊಟ್ಟವರು ವಿರಳ.

1904ರ ಬೇಸಗೆಯಲ್ಲಿ ಬೇಲಾ ಬಾರ್ಟೋಕ್ ಎಂಬ ಇಪ್ಪತ್ತಮೂರರ ತರುಣ ಸಂಗೀತಗಾರ ಒಂದು ಹಳ್ಳಿಯಲ್ಲಿ ತಂಗಿದ್ದ. ಟ್ರಾನ್ಸಿಲ್ವೇನಿಯದಿಂದ ಬಂದಿದ್ದ ಕೆಲಸದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದು ಅವನ ಕಿವಿಗೆ ಬಿತ್ತು. ಕಾಫಿಗೃಹದ ಧಾಟಿಗೂ ಇದಕ್ಕೂ ಸಂಬಂಧವಿರಲಿಲ್ಲ. ಮರುವರ್ಷ ಅವನಿಗೆ ಜೋಲ್ತಾನ್ ಕೊದಾಯ್‌ನ ಸ್ನೇಹವಾಯಿತು. ಕೊದಾಯ್ ಆಗಲೇ ಹಳ್ಳಿಹಾಡುಗಳ ಹಿಂದೆ ಬಿದ್ದಿದ್ದವನು. 1906ರಲ್ಲಿ ಇಬ್ಬರೂ ಸೇರಿ ಇಪ್ಪತ್ತು ಹಾಡುಗಳ ಒಂದು ಪುಸ್ತಕ ಹೊರತಂದರು. ನಗರದವರು ಅದನ್ನು ಕೊಳ್ಳಲು ಮುಗಿಬೀಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅವರ ಉಪಕರಣ ಎಡಿಸನ್ನನ ಫೋನೋಗ್ರಾಫ್. ಒಂದು ಮೇಣದ ಉರುಳೆಯಲ್ಲಿ ಕೆಲವೇ ನಿಮಿಷಗಳ ಹಾಡು ಹಿಡಿಯುತ್ತಿತ್ತು. ತಿರುಗಿಸಿದಷ್ಟೂ ಮೇಣ ಸವೆಯುತ್ತಿತ್ತು. ಹಾಡುವವರನ್ನು ಒಲಿಸುವುದು ಇನ್ನೂ ಕಷ್ಟ. ಪಟ್ಟಣದ ಮನುಷ್ಯ ಅಜ್ಜಿಯ ಹಾಡನ್ನು ಏಕೆ ಬೇಡುತ್ತಾನೆಂದು ಯಾರಿಗೂ ತಿಳಿಯದು. ಹಳೆಯದನ್ನು ಹೇಳಮ್ಮ ಎಂದರೆ ಹೊಸದನ್ನೋ ದೇವರ ಹಾಡನ್ನೋ ಹೇಳುವ ಒಬ್ಬಾಕೆಯ ಸಂಗಡ ತಾನು ಪಟ್ಟ ಪಾಡನ್ನು ಬಾರ್ಟೋಕ್ 1907ರ ಒಂದು ಕಾಗದದಲ್ಲಿ ನಾಟಕದ ಸಂಭಾಷಣೆಯಂತೆ ಬರೆದಿದ್ದಾನೆ.

ಅದೇ ವರ್ಷ ಟ್ರಾನ್ಸಿಲ್ವೇನಿಯದ ಸೆಕೆಯ್ ಜನರ ಹಳ್ಳಿಗಳಲ್ಲಿ ಅವನಿಗೆ ನಿಧಿ ಸಿಕ್ಕಿತು: ಐದೇ ಸ್ವರಗಳ ಹಾಡುಗಳು. ನಮ್ಮ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಶುದ್ಧ ಧನ್ಯಾಸಿಯ ಸ ಗ ಮ ಪ ನಿ ಸ್ವರಗಳೇ ಅವು. ಆದರೆ ರಾಗದ ನಡೆಯಾಗಲಿ ಗಮಕವಾಗಲಿ ನಮ್ಮದಲ್ಲ. ಸಾಲು ಮೇಲಿನಿಂದ ಆರಂಭವಾಗಿ ಇಳಿಯುತ್ತದೆ. ಎಷ್ಟೋ ಹಾಡುಗಳಲ್ಲಿ ಮೊದಲರ್ಧದ ಧಾಟಿಯೇ ಐದು ಸ್ವರ ಕೆಳಗಿಳಿದು ಎರಡನೆಯ ಅರ್ಧವಾಗುತ್ತದೆ. ಇಂಥವೇ ಧಾಟಿಗಳನ್ನು ಕೊದಾಯ್ ವೋಲ್ಗಾ ತೀರದ ಮಾರಿ ಜನರ ಹಾಡುಗಳಲ್ಲಿ ಗುರುತಿಸಿದ. 1936ರಲ್ಲಿ ತುರ್ಕಿಗೆ ಹೋದ ಬಾರ್ಟೋಕ್ ಅದಾನದ ಸುತ್ತಣ ಹಳ್ಳಿಗಳಲ್ಲಿ ಇವುಗಳ ನಂಟನ್ನು ಕಂಡ.

ಇಲ್ಲಿಗೇ ನಿಂತಿದ್ದರೆ ಅವನು ರಾಷ್ಟ್ರವೀರನಾಗುತ್ತಿದ್ದ. ಆದರೆ ಅವನು ನೆರೆಯವರ ಮನೆಗೂ ಹೋದ. ಸ್ಲೊವಾಕರ ಹಾಡುಗಳನ್ನು ಕಲೆಹಾಕಿದ. ರುಮೇನಿಯನ್ನರ ಹಾಡುಗಳು ಮೂರು ಸಾವಿರವನ್ನು ಮೀರಿದವು. 1913ರಲ್ಲಿ ಆಲ್ಜೀರಿಯದ ಬಿಸ್ಕ್ರಾ ಪ್ರಾಂತಕ್ಕೆ ಹೋಗಿ ಅರಬರ ಹಾಡುಗಳನ್ನು ಹಿಡಿದು ತಂದ. ಅಷ್ಟರಲ್ಲಿ ಮಹಾಯುದ್ಧ ಬಂತು. 1920ರ ಟ್ರಿಯಾನನ್ ಒಪ್ಪಂದದಿಂದ ಹಂಗೆರಿ ತನ್ನ ನೆಲದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ಟ್ರಾನ್ಸಿಲ್ವೇನಿಯ ರುಮೇನಿಯಕ್ಕೆ ಹೋಯಿತು. ಅದೇ ವರ್ಷ ರುಮೇನಿಯನ್ ಹಾಡುಗಳನ್ನು ಕುರಿತ ಅವನ ಲೇಖನ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗಾಯದ ಮೇಲೆ ಉಪ್ಪೆರಚಿದಂತಾಗಿ ಸ್ವದೇಶದವರು ಅವನನ್ನು ದೇಶದ್ರೋಹಿಯೆಂಬಂತೆ ಜರೆದರು. ಮುಂದೆ ರುಮೇನಿಯದ ವಿದ್ವಾಂಸರೊಬ್ಬರು ಅವನಿಗೆ ಹಂಗೆರಿಯ ಪಕ್ಷಪಾತವೆಂದು ಆಪಾದಿಸಿದರು! ಇಬ್ಬರಿಗೂ ಅವನ ಉತ್ತರ ಒಂದೇ: ಹಾಡುಗಳನ್ನು ಎದುರಿಗಿಟ್ಟು ಹೋಲಿಸಿ ನೋಡಿ.

ಹೋಲಿಸಿದಾಗ ಕಂಡದ್ದೇನು? ಧಾಟಿಗಳು ಗಡಿ ದಾಟಿ ಹೋಗುತ್ತವೆ. ಹೋದಲ್ಲಿ ಅಲ್ಲಿಯ ನುಡಿಯ ಲಯಕ್ಕೆ ಹೊಂದಿಕೊಂಡು ಬೇರೆಯಾಗುತ್ತವೆ. ಮತ್ತೆ ತವರಿಗೆ ಬಂದಾಗ ಗುರುತೇ ಸಿಗದಂತೆ ಬಂದಿರುತ್ತವೆ. ಪೂರ್ವ ಯೂರೋಪಿನ ಜನಪದ ಸಂಗೀತದ ಸಂಪತ್ತಿಗೆ ಈ ಕೊಡುಕೊಳ್ಳುವಿಕೆಯೇ ಕಾರಣವೆಂದು ಅವನು 1942ರಲ್ಲಿ ಬರೆದ. ಕುಲಶುದ್ಧಿಯ ಹೆಸರಿನಲ್ಲಿ ಯೂರೋಪಿನಲ್ಲಿ ನರಮೇಧ ನಡೆಯುತ್ತಿದ್ದ ವರ್ಷ ಅದು. ನಾಜಿಗಳ ನೆರಳಿನಲ್ಲಿ ಬಾಳಲೊಲ್ಲದೆ ಅವನು 1940ರಲ್ಲಿಯೇ ಅಮೆರಿಕಕ್ಕೆ ಹೋಗಿದ್ದ. ಅಲ್ಲಿಯೂ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕುಳಿತು ಸೆರ್ಬೊ-ಕ್ರೊಯೇಷಿಯನ್ ಹಾಡುಗಳಿಗೆ ಸ್ವರಲಿಪಿ ಬರೆದ. 1945ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅವನೂ ಕೊದಾಯ್‌ನೂ ಕನಸು ಕಂಡ ಹಂಗೆರಿಯ ಹಾಡುಗಳ ಮಹಾಸಂಪುಟಗಳಲ್ಲಿ ಮೊದಲನೆಯದು ಬೆಳಕು ಕಂಡದ್ದು 1951ರಲ್ಲಿ.

ಕನ್ನಡ ಪಾಠ ಹೇಳುವ ನನಗೆ ಈ ಕಥೆ ಬೇರೊಂದು ಕಾರಣಕ್ಕೆ ನಾಟುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಋಣ ತೀರುವಂಥದಲ್ಲ. ಆದರೆ ನಮ್ಮ ಜನಪದ ಸಂಕಲನಗಳಲ್ಲಿ ಬಹುಪಾಲು ಉಳಿದದ್ದು ಪದ, ಧಾಟಿಯಲ್ಲ. ಅಚ್ಚಿನಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಪುನರಾವೃತ್ತಿಯಿಂದ ನಾಲ್ಕಾಗುತ್ತದೆ. ತರಗತಿಯಲ್ಲಿ ನಾನು ಗಣ ವಿಂಗಡಿಸಿ ತೋರಿಸಬಲ್ಲೆ. ಬೀಸುವಾಕೆಯ ಉಸಿರು ಎಲ್ಲಿ ತಿರುಗುತ್ತಿತ್ತೆಂಬುದನ್ನು ಪುಸ್ತಕ ನೋಡಿ ತೋರಿಸಲಾರೆ. ಬಾರ್ಟೋಕ್ ಹೊತ್ತು ತಿರುಗಿದ ಯಂತ್ರಕ್ಕಿಂತ ನೂರು ಪಾಲು ಮೇಲಾದದ್ದು ಇಂದು ನಮ್ಮೆಲ್ಲರ ಜೇಬಿನಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ, ಹಾಡು ಬಲ್ಲ ಹಿರಿಯರ ಮುಂದೆ ಅದನ್ನು ಇಟ್ಟು ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳಬಾರದೆ?