ಸೋಲಿನ ಹೊಣೆ ಹೊತ್ತ ಹಿರಿಯರು

ನಾಯಕತ್ವವೆಂದೊಡನೆ ನಮ್ಮ ಜನರ ಮನಸ್ಸು ರಣರಂಗಕ್ಕೋ ರಾಜಸಭೆಗೋ ಓಡುವುದುಂಟು. ಆದರೆ ನೂರಾರು ಜನರು ಕೂಡಿ ದುಡಿಯುವಲ್ಲಿ ಹಿರಿಯನಾದವನು ಹೇಗಿರಬೇಕೆಂಬುದಕ್ಕೆ ಸಮೀಪಕಾಲದ ಇತಿಹಾಸವೇ ಪ್ರೊ. ಸತೀಶ ಧವನರ ನಿದರ್ಶನವನ್ನು ಒದಗಿಸಿದೆ.

1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಧವನರು ಲಾಹೋರಿನಲ್ಲಿ ಗಣಿತ, ಭೌತವಿಜ್ಞಾನಗಳೊಡನೆ ಆಂಗ್ಲ ಸಾಹಿತ್ಯವನ್ನೂ ವ್ಯಾಸಂಗ ಮಾಡಿದವರು. ಅಮೇರಿಕೆಯಿಂದ ಮರಳಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, 1962ರಲ್ಲಿ ಅದರ ನಿರ್ದೇಶಕರಾದರು. ವಿಕ್ರಮ ಸಾರಾಭಾಯಿಯವರು 1971ರ ಡಿಸೆಂಬರಿನಲ್ಲಿ ಅಕಾಲ ಮರಣಕ್ಕೀಡಾದ ತರುವಾಯ, ಬಾಹ್ಯಾಕಾಶ ಸಂಸ್ಥೆಯ ಭಾರವನ್ನು ವಹಿಸಿಕೊಳ್ಳಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದರು. ಕೇಂದ್ರ ಕಾರ್ಯಾಲಯವು ಬೆಂಗಳೂರಿನಲ್ಲಿರಬೇಕು, ವಿಜ್ಞಾನ ಮಂದಿರದ ನಿರ್ದೇಶಕ ಪದವಿಯಲ್ಲಿಯೂ ತಾವು ಮುಂದುವರಿಯಬೇಕು ಎಂಬ ನಿಬಂಧನೆಗಳನ್ನು ಧವನರು ಮುಂದಿಟ್ಟರು. ಅಧಿಕಾರಕ್ಕೆ ಹಾತೊರೆಯುವವರ ರೀತಿ ಇದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಏರಿದ ಎಸ್.ಎಲ್.ವಿ.-3 ರಾಕೆಟ್ಟು ಐದು ನಿಮಿಷ ಚಿಲ್ಲರೆ ಕಾಲದಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಕವಾಟವೊಂದು ಸಿಕ್ಕಿಕೊಂಡು ಆಮ್ಲವು ಸೋರಿಹೋಗಿತ್ತೆಂದು ಬಳಿಕ ತಿಳಿಯಿತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ ಅವರು. ಹಾರಿಸುವ ಮುನ್ನ ಗಣಕಯಂತ್ರವು ತಡೆಯೊಡ್ಡಿದ್ದರೂ ತಜ್ಞರ ಮಾತನ್ನು ನಂಬಿ ಮುಂದುವರಿಯಲು ತಾವೇ ಅಪ್ಪಣೆಯಿತ್ತುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಹೀಗಿರಲು ದೋಷವನ್ನು ಒಬ್ಬರ ತಲೆಗೆ ಕಟ್ಟುವುದು ಬಹು ಸುಲಭವಾಗಿತ್ತು. ಧವನರು ಹಾಗೆ ಮಾಡದೆ, ಪತ್ರಕರ್ತರ ಎದುರು ತಾವೇ ಕುಳಿತು ಸೋಲನ್ನು ಒಪ್ಪಿಕೊಂಡರು. ತಮ್ಮವರ ಮೇಲೆ ತಮಗೆ ಪೂರ್ಣ ವಿಶ್ವಾಸವಿದೆ, ಮುಂದಿನ ವರ್ಷ ಅವರು ಗೆಲ್ಲುವರು ಎಂದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹವು ಕಕ್ಷೆಯನ್ನು ಸೇರಿದಾಗ, ಪತ್ರಕರ್ತರೊಡನೆ ಮಾತನಾಡಲು ಕಲಾಂ ಅವರನ್ನೇ ಮುಂದೆ ಮಾಡಿದರು.

ಕಲಾಂ ಅವರು ರಾಷ್ಟ್ರಪತಿಗಳಾದ ಮೇಲೂ ಈ ಪ್ರಸಂಗವನ್ನು ಸಭೆಗಳಲ್ಲಿ ಸ್ಮರಿಸುತ್ತಿದ್ದರು. ಕೇಳಿದವರು ಸಾಮಾನ್ಯವಾಗಿ ಆ ಒಂದು ದಿನದ ಔದಾರ್ಯವನ್ನು ಕೊಂಡಾಡುತ್ತಾರೆ. ನಮಗಾದರೋ ಅದಕ್ಕಿಂತ ಕಠಿಣವಾಗಿ ತೋರುವುದು, ಸೋತವರ ಕೈಯಲ್ಲಿಯೇ ಆ ಕಾರ್ಯವನ್ನು ಉಳಿಸಿ ಹನ್ನೊಂದು ತಿಂಗಳು ಕಾದುದು. ಹಾಗೆಂದು ತಪ್ಪನ್ನು ಮುಚ್ಚಿಹಾಕಿದರೆಂದು ಬಗೆಯಲಾಗದು. ಕಾರಣಶೋಧನೆ ಕೂಲಂಕಷವಾಗಿ ನಡೆಯಿತು. ಆದರೆ ಆ ವಿಮರ್ಶೆ ಒಳಮನೆಯಲ್ಲಿ ನಡೆಯಿತು, ಜಗಲಿಯಲ್ಲಿ ನಿಂತು ಉತ್ತರ ಹೇಳಿದವರು ಮನೆಯ ಯಜಮಾನರು. ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆ ಇದರ ಕಷ್ಟ ಗೊತ್ತು. ಫಲಿತಾಂಶ ಕೆಟ್ಟ ವರ್ಷ ಮುಖ್ಯೋಪಾಧ್ಯಾಯರ ಹೆಸರೇ ಮೊದಲು ನಾಲಗೆಗೆ ಬರುತ್ತದೆ.

ಧವನರು 1984ರಲ್ಲಿ ಸಂಸ್ಥೆಯ ಅಧ್ಯಕ್ಷ ಪದವಿಯಿಂದ ನಿವೃತ್ತರಾದರು. ಅನಂತರ ಹಕ್ಕಿಗಳ ಹಾರಾಟವನ್ನು ಕುರಿತು ಗ್ರಂಥವೊಂದನ್ನು ಬರೆದರು. 2002ರ ಜನವರಿಯಲ್ಲಿ ಅವರು ತೀರಿಕೊಂಡರು. ರಾಕೆಟ್ಟು ಸಮುದ್ರಕ್ಕೆ ಬಿದ್ದ ಆ ಶ್ರೀಹರಿಕೋಟೆಯ ಕೇಂದ್ರಕ್ಕೆ ಅದೇ ವರ್ಷ ಅವರ ಹೆಸರನ್ನಿಡಲಾಯಿತು.