ಜೋಳದ ಬೇರಿಗೆ ಬಾಯಿ ಹಚ್ಚುವ ಕಸ



ಯಾದಗಿರಿ, ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಒಂದು ಸೋಜಿಗ ನೋಡಿರಬಹುದು. ನೆಲದಲ್ಲಿ ಹಸಿ ಇರುತ್ತದೆ, ಆದರೂ ಜೋಳ ಬಾಡಿ ನಿಂತಿರುತ್ತದೆ. ಬುಡಕ್ಕೆ ಬಗ್ಗಿ ನೋಡಿದರೆ ಗೇಣುದ್ದದ, ಒರಟಾದ ಸಣ್ಣೆಲೆಯ, ಬಿಳಿ ಹೂವಿನ ಗಿಡ! ಇದೇ ಬಿಳಿಕಸ. ಶಾಸ್ತ್ರದ ಹೆಸರು ಸ್ಟ್ರೈಗಾ. ಉಳಿದ ಕಸ ನೀರು-ಗೊಬ್ಬರದಲ್ಲಿ ಪಾಲು ಕೇಳಿದರೆ, ಇದು ಜೋಳದ ಬೇರಿಗೇ ಬಾಯಿ ಹಚ್ಚಿ ರಸ ಹೀರುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನೆಲದೊಳಗೆ ಬಹಳಷ್ಟು ಹಾನಿ ಆಗಿಯೇ ಹೋಗಿರುತ್ತದೆ.

ಇದು ನಮಗೆ ಹಳೆಯ ವೈರಿ. ಆದರೆ 1956ರಲ್ಲಿ ಇದೇ ಕುಲದ ಕಸ ಅಮೆರಿಕದ ಕ್ಯಾರೊಲಿನಾ ಸೀಮೆಯ ಗೋವಿನಜೋಳದಲ್ಲಿ ಕಂಡಾಗ ಅಲ್ಲಿಯವರಿಗೆ ಗುರುತು ಹತ್ತಲಿಲ್ಲ. ಓದಲು ಹೋಗಿದ್ದ ಭಾರತದ ವಿದ್ಯಾರ್ಥಿಯೊಬ್ಬ ಅದನ್ನು ಗುರುತಿಸಿದ. ಅಲ್ಲಿಯ ಸರ್ಕಾರ ಬೀಜ ಹರಡದಂತೆ ಕಟ್ಟುನಿಟ್ಟು ಮಾಡಿ, ದಶಕಗಟ್ಟಲೆ ಅದರ ಬೆನ್ನು ಹತ್ತಿತು.

ಇದರದೊಂದು ಗುಟ್ಟು ಉಂಟು. ಈ ಕಸದ ಬೀಜ ಸುಮ್ಮನೆ ಮೊಳೆಯುವುದಿಲ್ಲ. ಬೆಳೆಯ ಬೇರು ಸೂಸುವ ಒಂದು ವಸ್ತು ತಾಗಿದರೆ ಮಾತ್ರ ಏಳುತ್ತದೆ. 1966ರಲ್ಲಿ ವಿಜ್ಞಾನಿಗಳು ಆ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಯಾವುದರಿಂದ ಗೊತ್ತೇನ್ರೀ? ನಮ್ಮ ಹತ್ತಿಯ ಬೇರಿನಿಂದ! ಮಜವೆಂದರೆ ಹತ್ತಿಯ ಬೇರಿಗೆ ಬಿಳಿಕಸ ಅಂಟಲಾರದು. ಕರೆ ಕೇಳಿ ಎದ್ದು ಬರುತ್ತದೆ, ಉಣ್ಣಲು ಏನೂ ಸಿಗದೆ ಸಾಯುತ್ತದೆ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳಿಗೆ ಕಾಲುವೆ ನೀರು ಬಂತು, ಭತ್ತ ಬಂತು. ಆದರೆ ಮಳೆ ನಂಬಿದ ಹೊಲದಲ್ಲಿ ರೊಟ್ಟಿಯ ಜೋಳ ಇನ್ನೂ ಉಂಟು. ಬಿಳಿಕಸದ ಭಯ ಅಲ್ಲಿಯೇ.

ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಧೂಳಿನಂಥ ಆ ಬೀಜ ಹತ್ತು ವರ್ಷಕ್ಕೂ ಮಿಕ್ಕಿ ಮಣ್ಣಲ್ಲಿ ಜೀವ ಹಿಡಿದಿರುತ್ತದೆ. ಆದ್ದರಿಂದ ಹೂ ಬಿಡುವ ಮೊದಲೇ ಕೀಳಿರಿ. ಹೂ, ಕಾಯಿ ಕಟ್ಟಿದ್ದರೆ ತಿಪ್ಪೆಗೆ ಎಸೆಯಬೇಡಿರಿ, ಸುಟ್ಟುಬಿಡಿರಿ. ಅದೇ ಹೊಲಕ್ಕೆ ವರ್ಷವೂ ಜೋಳ ಹಾಕದೆ ಹತ್ತಿಯನ್ನೋ ಶೇಂಗಾವನ್ನೋ ತಿರುವಿ ಬಿತ್ತಿರಿ. ಕೊಟ್ಟಿಗೆ ಗೊಬ್ಬರ ಹಾಕಿರಿ. ಸತ್ವಗೆಟ್ಟ ನೆಲವೆಂದರೆ ಈ ಕಸಕ್ಕೆ ಬಲು ಪ್ರೀತಿ. ಕಸ ಬಿದ್ದ ಹೊಲದಿಂದ ಬರುವಾಗ ಕುಂಟೆಗೆ ಹತ್ತಿದ ಮಣ್ಣು ಕೊಡವಿರಿ.

ಒಂದೇ ವರ್ಷದಲ್ಲಿ ಹೋಗುವ ಪೀಡೆ ಇದಲ್ಲ. ಆದರೆ ಈ ವರ್ಷ ಬೀಜ ಉದುರಗೊಡದಿದ್ದರೆ, ನಮ್ಮ ಮಕ್ಕಳ ಹೊಲದ ಕಸವನ್ನು ಇಂದೇ ಕಿತ್ತಂತೆ.